‘ಅರ್ಥ ಆಯ್ತಾ?’ ಎಂದು ಕೇಳಿದರೆ ‘ಆಯ್ತು’ ಅನ್ನುತ್ತಾರೆ, ಅಷ್ಟೇ

ಮಾನ್ಯ ಸಂಪಾದಕರೇ,

ಒಳ್ಳೆಯ ಪಾಠ ಎಂದರೆ ಯಾವುದು ಎಂಬ ಚರ್ಚೆ ಬಂದಾಗಲೆಲ್ಲ ಮಾತು ಶಿಕ್ಷಕರ ಸುತ್ತಲೇ ತಿರುಗುತ್ತದೆ. ದನಿ ಹೇಗಿದೆ, ವಿಷಯದ ಮೇಲೆ ಹಿಡಿತ ಎಷ್ಟಿದೆ, ನಗಿಸುತ್ತಾರಾ, ಮಕ್ಕಳು ಸದ್ದಿಲ್ಲದೆ ಕೂರುತ್ತಾರಾ. ಇದೆಲ್ಲ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಪಾಠ ತಲೆಗೆ ಹೋಯಿತೋ ಇಲ್ಲವೋ ತಿಳಿಯಬೇಕಾದರೆ ಬೋರ್ಡಿನ ಕಡೆ ನೋಡಿ ಪ್ರಯೋಜನವಿಲ್ಲ, ಬೆಂಚುಗಳ ಕಡೆ ನೋಡಬೇಕು. ಎದುರಿಗೆ ಕೂತ ನಲವತ್ತು ಜನರಲ್ಲಿ ಯಾರಿಗೆ ಎಲ್ಲಿ ಎಡವುತ್ತಿದೆ ಎಂದು ಪಾಠ ನಡೆಯುತ್ತಿರುವಾಗಲೇ ಗೊತ್ತು ಮಾಡಿಕೊಳ್ಳುವುದು, ಗೊತ್ತಾದ ಮೇಲೆ ಅದೇ ಪೀರಿಯಡ್‌ನಲ್ಲಿ ಪಾಠದ ದಾರಿ ಬದಲಿಸುವುದು: ಕಲಿಸುವ ಕೆಲಸದ ತಿರುಳು ಇದು ಎಂಬುದು ನಮ್ಮ ವಾದ. ಅದನ್ನು ಹೇಗೆ ಮಾಡುವುದು, ಎಲ್ಲಿ ಕೆಡುತ್ತದೆ ಎಂದು ತುಸು ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾದರೆ ಮನ್ನಿಸಿ.

ಮೊದಲಿಗೆ, ತರಗತಿಯಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುವ ಒಂದು ಪ್ರಶ್ನೆ: ‘ಅರ್ಥ ಆಯ್ತಾ?’ ಉತ್ತರ ಒಕ್ಕೊರಲಿನಿಂದ ಬರುತ್ತದೆ, ‘ಆಯ್ತು’. ಆ ದನಿಯಲ್ಲಿ ಮೂರು ಬಗೆಯವರು ಸೇರಿರುತ್ತಾರೆ. ನಿಜಕ್ಕೂ ಅರ್ಥವಾದವರು, ಅರ್ಥವಾಗಿದೆ ಎಂದುಕೊಂಡವರು, ಆಗಿಲ್ಲ ಎಂದರೆ ಎಲ್ಲರ ಕಣ್ಣು ತಮ್ಮ ಮೇಲೆ ಬೀಳುತ್ತದೆ ಎಂದು ಅಂಜುವವರು. ಮೂವರ ‘ಆಯ್ತು’ ಕೇಳಿಸುವುದು ಒಂದೇ ಥರ. ‘ಏನಾದರೂ ಡೌಟ್ ಇದೆಯಾ?’ ಎಂಬುದೂ ಇದರ ತಮ್ಮನೇ. ಡೌಟ್ ಕೇಳಬೇಕಾದರೆ ವಿಷಯ ಅರ್ಧವಾದರೂ ತಿಳಿದಿರಬೇಕು. ಏನೂ ತಿಳಿಯದವನಿಗೆ ಕೇಳಲು ಏನೂ ಇರುವುದಿಲ್ಲ. ಇನ್ನು ಕೈ ಎತ್ತಿಸುವ ಪದ್ಧತಿ. ಯಾವ ತರಗತಿಯಲ್ಲಾದರೂ ಏಳುವುದು ಅದೇ ಐದಾರು ಕೈ. ಅವರು ಸರಿ ಹೇಳಿದರೆ ಪಾಠ ಮುಂದಕ್ಕೆ ಓಡುತ್ತದೆ. ಉಳಿದ ಮೂವತ್ತೈದು ಜನರ ಪಾಡು ಪರೀಕ್ಷೆಯ ದಿನ ಗೊತ್ತಾಗುತ್ತದೆ, ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಹಾಗಾದರೆ ಏನು ಕೇಳಬೇಕು? ದಶಕ ಬಿಡಿಸಿ, ಅಂದರೆ ಹತ್ತರ ಸ್ಥಾನದಿಂದ ಸಾಲ ತಂದು, ಕಳೆಯುವ ಲೆಕ್ಕವನ್ನೇ ತೆಗೆದುಕೊಳ್ಳಿ. ಕಲಿಸಿದ ಮೇಲೆ ಬೋರ್ಡಿನ ಮೇಲೆ 52ರಲ್ಲಿ 27 ಕಳೆಯಿರಿ ಎಂದು ಬರೆಯುತ್ತೇವೆ. ಉತ್ತರ 25. ಕೆಲವರು 35 ಎಂದು ಬರೆದಿರುತ್ತಾರೆ. ತಪ್ಪು ಎಂದು ಕೆಂಪು ಗೀಟು ಎಳೆಯುವುದು ಸುಲಭ. ಆದರೆ ಆ 35ರ ಹಿಂದೆ ಎರಡು ಬೇರೆ ಬೇರೆ ಕಾಯಿಲೆಗಳು ಇರಬಹುದು. ಒಬ್ಬಳು, ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಏಳರಲ್ಲಿ ಎರಡು ಕಳೆಯೋಣ ಎಂದು ದೊಡ್ಡದರಲ್ಲಿ ಚಿಕ್ಕದನ್ನು ಕಳೆದು 5 ಬರೆದಿದ್ದಾಳೆ. ಇನ್ನೊಬ್ಬ ಹತ್ತರ ಸ್ಥಾನದಿಂದ ಸಾಲ ತಂದು ಹನ್ನೆರಡರಲ್ಲಿ ಏಳು ಕಳೆದು 5 ಬರೆದಿದ್ದಾನೆ, ಆದರೆ ಸಾಲ ಕೊಟ್ಟ ಐದನ್ನು ನಾಲ್ಕು ಮಾಡುವುದನ್ನು ಮರೆತಿದ್ದಾನೆ. ಇಬ್ಬರದೂ 35. ಬಿಡಿ ಸ್ಥಾನದ ಎರಡು ಅಂಕಿಗಳ ನಡುವೆ ವ್ಯತ್ಯಾಸ 5 ಇದ್ದಾಗ ಈ ಎರಡು ತಪ್ಪುಗಳೂ ಒಂದೇ ಉತ್ತರಕ್ಕೆ ಬಂದು ಕೂಡುತ್ತವೆ. ಹೀಗಾಗಿ 52−27 ಕೆಟ್ಟ ಪ್ರಶ್ನೆ.

ಅದರ ಬದಲು 52−28 ಕೇಳಿ. ಸರಿ ಉತ್ತರ 24. ದೊಡ್ಡದರಲ್ಲಿ ಚಿಕ್ಕದು ಕಳೆದವಳು 36 ಬರೆಯುತ್ತಾಳೆ. ಸಾಲ ತಂದು ಮರೆತವನು 34 ಬರೆಯುತ್ತಾನೆ. ಕೂಡುವ ಲೆಕ್ಕ ಎಂದುಕೊಂಡವರು 80. ಒಂದೇ ಒಂದು ಅಂಕಿ ಬದಲಿಸಿದ್ದಕ್ಕೆ ಯಾರಿಗೆ ಯಾವ ಔಷಧಿ ಎಂದು ಉತ್ತರವೇ ಹೇಳುತ್ತದೆ. 36 ಬರೆದವರಿಗೆ ಸ್ಥಾನಬೆಲೆಯೇ ಕೂತಿಲ್ಲ. ಹತ್ತರ ಐದು ಕಡ್ಡಿ ಕಟ್ಟು, ಎರಡು ಬಿಡಿ ಕಡ್ಡಿ ಕೈಗೆ ಕೊಟ್ಟು ಎಂಟು ಬಿಡಿ ಕಡ್ಡಿ ವಾಪಸ್ ಕೇಳಬೇಕು. ಕಟ್ಟು ಬಿಚ್ಚದೆ ಗತಿಯಿಲ್ಲ ಎಂದು ಕೈಗೆ ತಿಳಿದ ಮೇಲೆ ಅದನ್ನು ಬರೆದು ತೋರಿಸಬೇಕು. 34 ಬರೆದವರಿಗೆ ಕಡ್ಡಿ ಬೇಡ. ಅವರಿಗೆ ವಿಷಯ ಗೊತ್ತು, ಅಭ್ಯಾಸ ಸಾಲದು. 34ಕ್ಕೆ 28 ಕೂಡಿ ನೋಡು ಎಂದರೆ 62 ಬರುತ್ತದೆ, ತಾವೇ ತಪ್ಪು ಹುಡುಕಿಕೊಳ್ಳುತ್ತಾರೆ. ಇಬ್ಬರಿಗೂ ‘ಇನ್ನೊಂದು ಸಲ ಹೇಳುತ್ತೇನೆ, ಗಮನ ಇಟ್ಟು ಕೇಳಿ’ ಎಂದು ಮೊದಲಿನ ವಿವರಣೆಯನ್ನೇ ಜೋರಾಗಿ ಹೇಳಿದರೆ ಇಬ್ಬರಿಗೂ ಉಪಯೋಗವಿಲ್ಲ.

ದಶಮಾಂಶದಲ್ಲೂ ಇದೇ ಕಥೆ. 0.6, 0.45 ಇವುಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಸರಿ ಉತ್ತರ ಕೊಟ್ಟವರಲ್ಲೂ ತಪ್ಪು ತಿಳಿವಳಿಕೆ ಅಡಗಿರಬಹುದು. ಅಂಕಿ ಕಡಿಮೆ ಇದ್ದರೆ ಸಂಖ್ಯೆ ದೊಡ್ಡದು ಎಂದು ನಂಬಿದ ಮಗು ಇಲ್ಲಿ ಪಾರಾಗಿಬಿಡುತ್ತದೆ. ಮೂರು ಕೊಡಿ: 0.6, 0.45, 0.725, ಏರಿಕೆಯ ಕ್ರಮದಲ್ಲಿ ಬರೆಯಲಿ. ಅಂಕಿ ಹೆಚ್ಚಿದ್ದರೆ ದೊಡ್ಡದು ಎನ್ನುವವರು 0.6ನ್ನು ಮೊದಲು ಇಡುತ್ತಾರೆ, ಕಡಿಮೆ ಇದ್ದರೆ ದೊಡ್ಡದು ಎನ್ನುವವರು 0.725ನ್ನು ಮೊದಲು ಇಡುತ್ತಾರೆ, ತಿಳಿದವರು 0.45ನ್ನು. ಮೊದಲ ಸಂಖ್ಯೆ ನೋಡಿದರೆ ಸಾಕು. 8+4=□+5 ಎಂದು ಬರೆದು ಕೇಳಿ ನೋಡಿ, ಚೌಕದಲ್ಲಿ 12 ತುಂಬಿದವರಿಗೆ ಸಮ ಚಿಹ್ನೆ ಎಂದರೆ ‘ಇನ್ನು ಉತ್ತರ ಬರೆ’ ಎಂದರ್ಥ. ಈ ತಪ್ಪನ್ನು ಹಾಗೇ ಬಿಟ್ಟರೆ ಮುಂದೆ ಬೀಜಗಣಿತದಲ್ಲಿ ಪ್ರತಿ ಸಮೀಕರಣವೂ ಒಗಟಾಗುತ್ತದೆ.

ಉತ್ತರದ ಆಯ್ಕೆಗಳನ್ನು ಕೊಟ್ಟು ಕೇಳುವುದಾದರೆ ಅವೂ ಹೀಗೆ ಇರಬೇಕು: ಪ್ರತಿ ತಪ್ಪು ಉತ್ತರಕ್ಕೂ ಒಂದು ಕಾರಣ. ಸುಮ್ಮನೆ ಜಾಗ ತುಂಬಲು ಹಾಕಿದ ಹುಚ್ಚು ಆಯ್ಕೆಯಿಂದ ಏನೂ ತಿಳಿಯುವುದಿಲ್ಲ. ಇಂಥ ಪ್ರಶ್ನೆ ನಿಂತ ನಿಲುವಿನಲ್ಲಿ ಹೊಳೆಯುವುದಿಲ್ಲ, ಮನೆಯಲ್ಲಿ ಕೂತು ಬರೆದುಕೊಂಡು ಬರಬೇಕು. ಒಂದು ಪೀರಿಯಡ್‌ಗೆ ಎರಡು ಸಾಕು. ಸುಮಾರು ಹದಿನೈದು ಇಪ್ಪತ್ತು ನಿಮಿಷಕ್ಕೊಂದು, ಪಾಠ ಒಂದು ತಿರುವಿಗೆ ಬಂದು ನಿಂತಾಗ.

ಕೇಳುವ ಕ್ರಮವೂ ಮುಖ್ಯ. ಎಲ್ಲರ ಕೈಯಲ್ಲೂ ಒಂದು ಸ್ಲೇಟು ಇರಲಿ. ಹೌದು, ಹಳೆಯ ಸ್ಲೇಟೇ. ಇಲ್ಲದಿದ್ದರೆ ನೋಟ್‌ಬುಕ್ಕಿನ ಕೊನೆಯ ಪುಟ. ಪ್ರಶ್ನೆ ಓದಿ, ಮಾತಿಲ್ಲದೆ ಯೋಚಿಸಲು ಬಿಡಿ, ದೊಡ್ಡದಾಗಿ ಬರೆಯಲಿ, ಸ್ಲೇಟನ್ನು ಎದೆಗೆ ಒತ್ತಿ ಹಿಡಿಯಲಿ, ‘ತೋರಿಸಿ’ ಎಂದಾಗ ಎಲ್ಲರೂ ಒಮ್ಮೆಗೇ ತಿರುಗಿಸಲಿ. ‘ಬರೆದವರು ತೋರಿಸುತ್ತಾ ಹೋಗಿ’ ಎಂದರೆ ಕೆಟ್ಟಿತು. ಮೊದಲು ಎತ್ತಿದ ಜಾಣರ ಉತ್ತರ ಹತ್ತು ಸೆಕೆಂಡಿನಲ್ಲಿ ಹಿಂದಿನ ಬೆಂಚಿಗೆ ತಲುಪಿರುತ್ತದೆ. ಕೈ ಎತ್ತಿಸಿ ಎಣಿಸುವುದರಲ್ಲೂ ಇದೇ ತೊಂದರೆ, ಪಕ್ಕದವನ ಕೈ ಕಂಡು ಕೈ ಏಳುತ್ತದೆ. ಬರೆಯಿಸುವುದು ಒಂದು ಸಂಖ್ಯೆ, ಒಂದು ಅಕ್ಷರ, ಹೆಚ್ಚೆಂದರೆ ಒಂದು ಪದ ಆಗಿರಲಿ. ಮೂರು ಸಾಲಿನ ಉತ್ತರವನ್ನು ನಲವತ್ತು ಸ್ಲೇಟಿನಲ್ಲಿ ಯಾರೂ ಓದಲಾರರು.

ಬಾಯಿಮಾತಿನ ಪ್ರಶ್ನೆ ಬೇಡವೆಂದಲ್ಲ, ಆದರೆ ಅಲ್ಲಿ ನಾವು ತಾಳ್ಮೆ ಕಳೆದುಕೊಳ್ಳುತ್ತೇವೆ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು ನೋಡಿದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡ್ ಮಾತ್ರ ಎಂದು ಕಂಡಿತು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಪ್ರಶ್ನೆ ತಿರುಚುತ್ತಾರೆ, ಇಲ್ಲವೇ ತಾವೇ ಉತ್ತರ ಹೇಳಿಬಿಡುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುವವರು ಕಡಿಮೆಯಾದರು, ಮಕ್ಕಳು ತಾವಾಗಿ ಪ್ರಶ್ನೆ ಕೇಳತೊಡಗಿದರು. ಉತ್ತರ ಬಂದ ಮೇಲೂ ಮೂರು ಸೆಕೆಂಡ್ ಸುಮ್ಮನಿರುವುದು ಅಷ್ಟೇ ಮುಖ್ಯ, ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ‘ವೆರಿ ಗುಡ್’ ಎಂದು ತಕ್ಷಣ ಹೇಳಿದರೆ ಉಳಿದವರ ಯೋಚನೆ ಅಲ್ಲಿಗೇ ನಿಂತಿತು. ಮೂರು ಸೆಕೆಂಡ್ ಎಂದರೆ ಏನು ಮಹಾ ಎನ್ನಿಸಬಹುದು. ಎಲ್ಲರೂ ನಿಮ್ಮನ್ನೇ ನೋಡುತ್ತಿರುವಾಗ ಅದು ಒಂದು ಯುಗ. ಮನಸ್ಸಿನಲ್ಲೇ ಎಣಿಸಿಕೊಳ್ಳಿ. ಹೆಸರು ಕರೆದು ಪ್ರಶ್ನೆ ಕೇಳುವವರಿಗೆ ಇನ್ನೊಂದು ಮಾತು: ಪ್ರಶ್ನೆ ಮೊದಲು, ಹೆಸರು ಆಮೇಲೆ. ಹೆಸರು ಮೊದಲು ಬಂದರೆ ಉಳಿದ ಮೂವತ್ತೊಂಬತ್ತು ಜನ ನಿರಾಳ.

ಸ್ಲೇಟು ನೋಡಿದಿರಿ. ಈಗೇನು? ಹೆಚ್ಚುಕಡಿಮೆ ಎಲ್ಲರದೂ ಸರಿ ಇದ್ದರೆ ಮುಂದೆ ಹೋಗಿ, ತಪ್ಪಿದ ಒಬ್ಬಿಬ್ಬರನ್ನು ಅಭ್ಯಾಸದ ಹೊತ್ತಿನಲ್ಲಿ ಪಕ್ಕ ಕೂತು ನೋಡಿ. ಸರಿ ಉತ್ತರ ಕಾಲುಭಾಗಕ್ಕೂ ಕಡಿಮೆ ಇದ್ದರೆ ತಪ್ಪು ನಮ್ಮದೇ, ಬೇರೆ ಉದಾಹರಣೆ ಹಿಡಿದು ಮತ್ತೆ ಕಲಿಸಬೇಕು. ಸ್ವಾರಸ್ಯ ಇರುವುದು ನಡುವಿನ ಸ್ಥಿತಿಯಲ್ಲಿ. ಹಾರ್ವರ್ಡ್‌ನ ಭೌತವಿಜ್ಞಾನದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಪದ್ಧತಿಯಲ್ಲಿ, ಶೇ 30ರಿಂದ 70ರಷ್ಟು ಜನ ಸರಿ ಇದ್ದರೆ ಶಿಕ್ಷಕರು ಬಾಯಿ ತೆರೆಯುವುದಿಲ್ಲ. ‘ನಿಮಗಿಂತ ಬೇರೆ ಉತ್ತರ ಬರೆದವರನ್ನು ಹುಡುಕಿ, ನಿಮ್ಮದೇ ಸರಿ ಎಂದು ಒಪ್ಪಿಸಿ’ ಎಂದು ಎರಡು ನಿಮಿಷ ಬಿಟ್ಟು ಮತ್ತೆ ಉತ್ತರ ಕೇಳುತ್ತಾರೆ. ಎರಡನೆಯ ಸಲ ಸರಿ ಉತ್ತರ ಗಣನೀಯವಾಗಿ ಏರುತ್ತದೆ. ಈಗಷ್ಟೇ ಅರ್ಥ ಮಾಡಿಕೊಂಡವನಿಗೆ ಎಡವುವ ಕಲ್ಲು ಯಾವುದೆಂದು ಇನ್ನೂ ನೆನಪಿರುತ್ತದೆ, ಹತ್ತು ವರ್ಷ ಕಲಿಸಿದವರಿಗೆ ಆ ಕಲ್ಲು ಕಾಣುವುದೇ ಇಲ್ಲ. ಆದರೆ ಒಂದು ಎಚ್ಚರಿಕೆ. ಮೊದಲ ಸುತ್ತಿನಲ್ಲಿ ಸರಿ ಉತ್ತರ ಯಾವುದೆಂದು ಮುಖಭಾವದಲ್ಲೂ ತೋರಿಸಬಾರದು. ತೋರಿಸಿದರೆ ಮುಂದಿನದು ಚರ್ಚೆಯಲ್ಲ, ನಕಲು.

ಬಾಯಿಪಾಠದ ಕೆಳಗೆ ಹಳೆಯ ನಂಬಿಕೆ ಹೇಗೆ ಉಳಿದಿರುತ್ತದೆ ಎಂಬುದಕ್ಕೆ ಗಿಡದ ಪಾಠ ನೋಡಿ. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆದವರನ್ನೇ ಕೇಳಿ: ಒಂದು ಬೀಜ ಬೆಳೆದು ದೊಡ್ಡ ಮರವಾಯಿತು, ಒಣಗಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚಿನ ಪಾಲು ಬಂದದ್ದು ಮಣ್ಣಿನಿಂದಲೋ, ಗಾಳಿಯಿಂದಲೋ? ಬಹುಪಾಲು ‘ಮಣ್ಣು’ ಎನ್ನುತ್ತಾರೆ. ‘ಗಾಳಿಯಿಂದ, ಇಂಗಾಲದ ಡೈ ಆಕ್ಸೈಡ್‌ನಿಂದ’ ಎಂದು ಹೇಳಿಕೊಟ್ಟರೆ ಅದನ್ನೂ ಬರೆದುಕೊಳ್ಳುತ್ತಾರೆ, ಒಳಗೆ ಮಣ್ಣು ಹಾಗೇ ಇರುತ್ತದೆ. ಇಲ್ಲಿ ಹದಿನೇಳನೆಯ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್‌ನ ವಿಲೋ ಗಿಡದ ಪ್ರಯೋಗ ಕೈಗೆ ಬರುತ್ತದೆ. ಆತ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡ್ ತೂಕದ ಗಿಡ ನೆಟ್ಟು ಐದು ವರ್ಷ ನೀರು ಮಾತ್ರ ಹಾಕಿದ. ಮರ ಸುಮಾರು 169 ಪೌಂಡ್ ಆಯಿತು. ಇಷ್ಟು ಹೇಳಿ ನಿಲ್ಲಿಸಿ, ಮಣ್ಣು ಎಷ್ಟು ಕಡಿಮೆಯಾಗಿರಬಹುದು ಎಂದು ಸ್ಲೇಟಿನಲ್ಲಿ ಬರೆಯಿಸಿ. ನೂರು, ನೂರಐವತ್ತು ಎಂದೆಲ್ಲ ಬರುತ್ತದೆ. ಆಮೇಲೆ ಹೇಳಿ, ಕಡಿಮೆಯಾದದ್ದು ಸುಮಾರು 2 ಔನ್ಸ್, ಅಂದರೆ ಒಂದು ಪೌಂಡಿನ ಎಂಟನೇ ಒಂದು ಪಾಲು. ಊಹಿಸಿದವರಿಗೆ ಮಾತ್ರ ಆ ಅಂಕಿ ಬಡಿಯುತ್ತದೆ, ಕೇಳಿಸಿಕೊಂಡವರಿಗೆ ಅದು ಇನ್ನೊಂದು ಮಾಹಿತಿ. (ಹೆಲ್ಮಾಂಟ್ ಕೂಡ ತಪ್ಪಿದ, ಮರವೆಲ್ಲ ನೀರಿನಿಂದಲೇ ಆಯಿತು ಎಂದ. ಅದನ್ನೂ ಮಕ್ಕಳಿಗೆ ಹೇಳಬೇಕು, ಖುಷಿಪಡುತ್ತಾರೆ.)

ಹೊಸ ವಿಷಯ ಕಲಿಸುವಾಗ ಬೋರ್ಡಿನ ಬಳಕೆ ಬಗ್ಗೆ ಸ್ವಲ್ಪ. ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ಹೊಸ ಸಂಗತಿಗಳು ನಾಲ್ಕರ ಆಸುಪಾಸು. ಮಕ್ಕಳು ನಕಲು ಮಾಡಿಕೊಳ್ಳುತ್ತಿರುವಾಗ ನಾವು ವಿವರಿಸುತ್ತಾ ಹೋದರೆ ಕೈಗೂ ಕಿವಿಗೂ ಜಗಳ, ಗೆಲ್ಲುವುದು ಕೈ. ಬರೆಯುವಾಗ ಮಾತು ಬೇಡ, ಮಾತಾಡುವಾಗ ಪೆನ್ನು ಕೆಳಗಿರಲಿ. ಲೆಕ್ಕಗಳಲ್ಲಿ ಮೊದಲ ಉದಾಹರಣೆಯನ್ನು ಪೂರ್ತಿ ಬಿಡಿಸಿ ತೋರಿಸಿ. ಎರಡನೆಯದರಲ್ಲಿ ಕೊನೆಯ ಹೆಜ್ಜೆ ಮಾತ್ರ ಅವರಿಗೆ ಬಿಡಿ, ಮೂರನೆಯದರಲ್ಲಿ ಕೊನೆಯ ಎರಡು, ಐದನೆಯ ಹೊತ್ತಿಗೆ ಲೆಕ್ಕ ಪೂರ್ತಿ ಅವರದು. ಒಂದು ಉದಾಹರಣೆ ತೋರಿಸಿ ‘ಉಳಿದದ್ದು ಮನೆಯಲ್ಲಿ’ ಎಂದರೆ ಮನೆಯಲ್ಲಿ ಲೆಕ್ಕ ಬಿಡಿಸುವುದು ಅಪ್ಪ, ಅಕ್ಕ ಅಥವಾ ಗೈಡು. ಆಗಲೇ ಬಲ್ಲವರಿಗೆ ಮಾತ್ರ ಈ ಹೆಜ್ಜೆ ಹೆಜ್ಜೆಯ ಊರುಗೋಲು ಕಿರಿಕಿರಿ. ಅವರನ್ನು ಮೂರನೆಯ ಲೆಕ್ಕದಿಂದಲೇ ಬಿಟ್ಟುಬಿಡಿ.

ಕಲಿತದ್ದು ಉಳಿಯಬೇಕಲ್ಲ, ಅದಕ್ಕೆ ನಮಗೆ ಗೊತ್ತಿರುವ ಅತಿ ಅಗ್ಗದ ಉಪಾಯ ಪೀರಿಯಡ್‌ನ ಮೊದಲ ಐದು ನಿಮಿಷ. ಪುಸ್ತಕ ಮುಚ್ಚಿ, ನಾಲ್ಕು ಪ್ರಶ್ನೆ: ಎರಡು ನಿನ್ನೆಯ ಪಾಠದ್ದು, ಒಂದು ಹಿಂದಿನ ವಾರದ್ದು, ಒಂದು ತಿಂಗಳ ಹಿಂದಿನದು. ಬರೆದ ಮೇಲೆ ಸರಿ ಉತ್ತರ ಹೇಳಿ, ತಮ್ಮದನ್ನು ತಾವೇ ತಿದ್ದಿಕೊಳ್ಳಲಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಒಂದು ಭಾಗ ಓದಲು ಕೊಟ್ಟರು. ಒಂದು ಗುಂಪು ಅದನ್ನು ಮತ್ತೆ ಓದಿತು, ಇನ್ನೊಂದು ಗುಂಪು ನೆನಪಿನಿಂದ ಬರೆಯಿತು. ಐದು ನಿಮಿಷದ ಬಳಿಕ ಪರೀಕ್ಷಿಸಿದರೆ ಮತ್ತೆ ಓದಿದವರು ಶೇ 81, ಬರೆದವರು ಶೇ 75. ಒಂದು ವಾರ ಬಿಟ್ಟು ಪರೀಕ್ಷಿಸಿದರೆ ಓದಿದವರು ಶೇ 42ಕ್ಕೆ ಇಳಿದಿದ್ದರು, ಬರೆದವರು ಶೇ 56. ‘ಹತ್ತು ಸಲ ಓದು’ ಎಂಬ ಬುದ್ಧಿಮಾತು ನಾಳೆಯ ಟೆಸ್ಟಿಗೆ ಸಾಕು, ಮುಂದಿನ ತಿಂಗಳಿಗೆ ಸಾಲದು.

ಈ ಐದು ನಿಮಿಷ ಮೂರು ರೀತಿಯಲ್ಲಿ ಹಾಳಾಗುತ್ತದೆ. ಅಂಕ ಹಾಕಿ ರಿಜಿಸ್ಟರಿಗೆ ಏರಿಸಿದರೆ ಮೊದಲ ದಿನವೇ ಕಣ್ಣು ಪಕ್ಕದವರ ಹಾಳೆಗೆ ಹೋಗುತ್ತದೆ. ಸರಿ ಉತ್ತರ ಹೇಳದೆ ಬಿಟ್ಟರೆ ತಪ್ಪೇ ಗಟ್ಟಿಯಾಗುತ್ತದೆ. ಪ್ರಶ್ನೆ ತೀರಾ ಕಷ್ಟವಾಗಿ ಅರ್ಧಕ್ಕಿಂತ ಹೆಚ್ಚು ಮಂದಿ ಖಾಲಿ ಹಾಳೆ ಇಟ್ಟುಕೊಂಡು ಕೂತರೆ ನೆನಪಿಸಿಕೊಳ್ಳುವ ಕೆಲಸವೇ ನಡೆಯುವುದಿಲ್ಲ.

ಅಭ್ಯಾಸದ ಲೆಕ್ಕಗಳನ್ನು ಬೆರೆಸಿ ಕೊಡುವುದೂ ಇದರ ಜೊತೆಗೇ ಸೇರಬೇಕಾದ ಮಾತು. ಪಠ್ಯಪುಸ್ತಕದಲ್ಲಿ ಒಂದು ಅಭ್ಯಾಸ ಪೂರ್ತಿ ಒಂದೇ ಸೂತ್ರದ್ದು. ಎರಡನೆಯ ಲೆಕ್ಕದಿಂದಾಚೆ ಮಗು ಪ್ರಶ್ನೆ ಓದುವುದನ್ನೇ ನಿಲ್ಲಿಸಿ, ಅಂಕಿ ಹೆಕ್ಕಿ ಸೂತ್ರಕ್ಕೆ ಹಾಕುತ್ತದೆ. ಯಾವ ಸೂತ್ರ ಎಂದು ತೀರ್ಮಾನಿಸುವುದೇ ಪರೀಕ್ಷೆಯ ಕಷ್ಟ, ಅದರ ಅಭ್ಯಾಸವೇ ಆಗಿರುವುದಿಲ್ಲ. ರೋರರ್ ಮತ್ತು ಟೇಲರ್ ಎಂಬ ಸಂಶೋಧಕರು 2007ರಲ್ಲಿ ಘನಾಕೃತಿಗಳ ಗಾತ್ರದ ಲೆಕ್ಕಗಳನ್ನು ಒಂದು ಗುಂಪಿಗೆ ಬಗೆಬಗೆಯಾಗಿ ವಿಂಗಡಿಸಿ, ಇನ್ನೊಂದಕ್ಕೆ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿಗೆ ವಿಂಗಡಿಸಿದ ಗುಂಪು ಶೇ 89 ಸರಿ, ಕಲಸಿದ ಗುಂಪು ಶೇ 60. ವಾರದ ಬಳಿಕದ ಪರೀಕ್ಷೆಯಲ್ಲಿ ವಿಂಗಡಿಸಿದವರು ಶೇ 20, ಕಲಸಿದವರು ಶೇ 63. ಹತ್ತು ಲೆಕ್ಕ ಕೊಡುವುದಾದರೆ ಆರು ಇಂದಿನದು, ನಾಲ್ಕು ಹಳೆಯವು ಇರಲಿ, ಅವುಗಳಿಗೆ ಪಾಠದ ಹೆಸರು ಹಾಕಬೇಡಿ.

ನೋಟ್‌ಬುಕ್ ತಿದ್ದುವುದರಲ್ಲಿ ಶಿಕ್ಷಕರ ಸಂಜೆಗಳೇ ಕರಗಿಹೋಗುತ್ತವೆ, ಫಲ ಮಾತ್ರ ತೀರಾ ಕಡಿಮೆ. ರುತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡೂ ಸಿಕ್ಕಿತು. ಕಲಿಕೆಯೂ ಆಸಕ್ತಿಯೂ ಉಳಿದದ್ದು ಟಿಪ್ಪಣಿ ಮಾತ್ರ ಸಿಕ್ಕವರಲ್ಲಿ. ಅಂಕದ ಜೊತೆ ಟಿಪ್ಪಣಿ ಬರೆದ ಶ್ರಮವೆಲ್ಲ ನೀರಿನಲ್ಲಿ ಹೋಮ: ಅಂಕ ಕಂಡ ಮೇಲೆ ಕಣ್ಣು ಕೆಳಗಿಳಿಯುವುದಿಲ್ಲ, ಪಕ್ಕದವರ ಅಂಕಕ್ಕೆ ಹಾರುತ್ತದೆ. ಟಿಪ್ಪಣಿ ಎಂದರೆ ‘ಇನ್ನೂ ಚೆನ್ನಾಗಿ ಮಾಡು’ ಅಲ್ಲ, ಅದು ಹಾರೈಕೆ. ‘ಈ ಎಂಟು ಲೆಕ್ಕಗಳಲ್ಲಿ ಎರಡು ತಪ್ಪಿವೆ, ಯಾವುವು ಎಂದು ಹುಡುಕಿ ಸರಿಪಡಿಸು’ ಎಂಬುದು ಟಿಪ್ಪಣಿ. ಓದಿದವರಿಗೆ ಒಂದು ಕೆಲಸ ಉಳಿಯಬೇಕು, ಆ ಕೆಲಸಕ್ಕೆ ತರಗತಿಯಲ್ಲೇ ಹತ್ತು ನಿಮಿಷ ಕೊಡಬೇಕು. ನಲವತ್ತು ಪುಸ್ತಕಕ್ಕೂ ಇದನ್ನು ವಾರ ವಾರ ಬರೆಯಲಾಗದು, ನಿಜ. ಬರೆಯದೆ ಓದಿ ಮೂರು ರಾಶಿ ಮಾಡಿ: ದಾರಿ ಸರಿ ಇದ್ದವರು, ಒಂದೇ ಹೆಜ್ಜೆ ತಪ್ಪಿದವರು, ಬುಡದಲ್ಲೇ ತಪ್ಪಿದವರು. ರಾಶಿಗೊಂದು ಸೂಚನೆ ಬೋರ್ಡಿನ ಮೇಲೆ ಬರೆದು, ಮೂರನೆಯ ರಾಶಿಯವರ ಜೊತೆ ನೀವು ಕೂತುಕೊಳ್ಳಿ. ಇಪ್ಪತ್ತು ನಿಮಿಷದ ಕೆಲಸ.

ಒಂದಿಷ್ಟು ಸಂಗತಿಗಳಿಗೆ ಇಷ್ಟು ಗಮನ ಬೇಕಿಲ್ಲ. ಮಕ್ಕಳನ್ನು ‘ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು’ ಎಂದು ವಿಂಗಡಿಸಿ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ತಕ್ಕ ಪುರಾವೆ ಇಲ್ಲ ಎಂದು 2008ರಲ್ಲೇ ಮನೋವಿಜ್ಞಾನಿ ಪ್ಯಾಶ್ಲರ್ ಮತ್ತು ಸಂಗಡಿಗರು ಪರಿಶೀಲಿಸಿ ಬರೆದಿದ್ದಾರೆ. ತರಬೇತಿಗಳಲ್ಲಿ ಇನ್ನೂ ಅದೇ ಓಡುತ್ತಿದೆ. ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುವುದರಿಂದ ಪುಸ್ತಕ ಚೆಂದವಾಗುತ್ತದೆ, ಅಷ್ಟೇ.

ತರಗತಿಯನ್ನು ಹೊರಗಿನಿಂದ ನೋಡಿ ಅಳೆಯುವವರಿಗೂ ಒಂದು ವಿನಂತಿ. 2013ರಲ್ಲಿ ಮನೋವಿಜ್ಞಾನಿ ಕಾರ್ಪೆಂಟರ್ ಮತ್ತು ಸಂಗಡಿಗರು ಒಂದೇ ಪಾಠವನ್ನು ಎರಡು ರೀತಿ ಚಿತ್ರೀಕರಿಸಿದರು. ಒಂದರಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನಿರರ್ಗಳ ಮಾತು, ಇನ್ನೊಂದರಲ್ಲಿ ಚೀಟಿ ನೋಡಿ ತಡವರಿಸುವ ಓದು. ನಿರರ್ಗಳ ಪಾಠ ಕೇಳಿದವರು ತಾವು ಹೆಚ್ಚು ಕಲಿತೆವೆಂದು ನಂಬಿದರು, ಪರೀಕ್ಷಿಸಿದರೆ ಹೆಚ್ಚೇನೂ ವ್ಯತ್ಯಾಸವಿರಲಿಲ್ಲ. 2019ರಲ್ಲಿ ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಗಳಲ್ಲಿ ಇದರ ಇನ್ನೊಂದು ಮುಖ ಕಂಡಿತು. ತಾವೇ ಲೆಕ್ಕ ಬಿಡಿಸಿ ಕಲಿತವರು ನಿಜಕ್ಕೂ ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವು ಎಂದುಕೊಂಡಿದ್ದರು. ತಲೆಗೆ ಕೆಲಸ ಬಿದ್ದಾಗ ಕಷ್ಟ ಅನ್ನಿಸುತ್ತದೆ, ಕಷ್ಟವನ್ನು ನಾವು ಸೋಲು ಎಂದುಕೊಳ್ಳುತ್ತೇವೆ. ಆದ್ದರಿಂದ ಪಾಠ ನೋಡಲು ಬರುವ ಮುಖ್ಯ ಶಿಕ್ಷಕರೂ ಅಧಿಕಾರಿಗಳೂ ಹಿಂದಿನ ಗೋಡೆಗೆ ಕುರ್ಚಿ ಹಾಕಿಕೊಂಡು ಶಿಕ್ಷಕರನ್ನು ನೋಡುವ ಬದಲು, ಕೊನೆಯ ಎರಡು ಬೆಂಚಿನವರ ಸ್ಲೇಟು ನೋಡಲಿ. ಮಕ್ಕಳ ನೋಟ್ಸ್ ಎಷ್ಟು ಪುಟ ತುಂಬಿದೆ ಎಂದು ಎಣಿಸುವ ಪೋಷಕರು, ಪುಸ್ತಕ ಮುಚ್ಚಿಸಿ ‘ಕಳೆದ ವಾರದ್ದು ಒಂದು ಹೇಳು’ ಎಂದು ಕೇಳಲಿ.

‘ಇದೆಲ್ಲ ಮಾಡುತ್ತಾ ಕೂತರೆ ಪೋರ್ಷನ್ ಮುಗಿಯುವುದು ಯಾವಾಗ?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೇ. ಲೆಕ್ಕ ಹಾಕೋಣ. 45 ನಿಮಿಷದ ಪೀರಿಯಡ್‌ನಲ್ಲಿ ಮೊದಲಿಗೆ 5, ನಡುವೆ ಎರಡು ಸ್ಲೇಟು ಪ್ರಶ್ನೆಗೆ 8, ಕೊನೆಗೆ ಎಲ್ಲರೂ ಒಂದು ಪ್ರಶ್ನೆಗೆ ಉತ್ತರ ಬರೆದು ಕೊಡುವ ಚೀಟಿಗೆ 3. ಒಟ್ಟು 16 ನಿಮಿಷ. ಪಾಠಕ್ಕೆ ಉಳಿಯುವುದು 29. ನೋಟ್ಸ್ ಹೇಳಿ ಬರೆಸುವುದನ್ನು ಬಿಟ್ಟರೆ ಈ ಹದಿನಾರರಲ್ಲಿ ಮುಕ್ಕಾಲು ಅಲ್ಲೇ ಸಿಗುತ್ತದೆ. ವರ್ಷದ ಕೊನೆಯಲ್ಲಿ ಮೊದಲ ಪಾಠದಿಂದ ಮತ್ತೆ ಕಲಿಸುವ ಪುನರಾವರ್ತನೆಯ ವಾರಗಳಲ್ಲಿ ಉಳಿದದ್ದು ವಾಪಸ್ ಬರುತ್ತದೆ. ಪೋರ್ಷನ್ ಮುಗಿಸಿದ್ದು ಶಿಕ್ಷಕರೋ ಮಕ್ಕಳೋ ಎಂಬುದು ಬೇರೆಯೇ ಪ್ರಶ್ನೆ.

ಶುರು ಮಾಡುವವರು ಎಲ್ಲವನ್ನೂ ಒಟ್ಟಿಗೆ ಹಿಡಿಯಬಾರದು, ಎರಡೇ ವಾರಕ್ಕೆ ಸುಸ್ತಾಗಿ ಬಿಟ್ಟುಬಿಡುತ್ತೀರಿ. ಮೊದಲ ತಿಂಗಳು ಆರಂಭದ ಐದು ನಿಮಿಷ ಮಾತ್ರ, ಅದೂ ಒಂದೇ ತರಗತಿಯಲ್ಲಿ. ಮೊದಲ ವಾರ ಮಕ್ಕಳು ಗೊಣಗುತ್ತಾರೆ, ಅಂಕ ಇಲ್ಲವೆಂದು ಖಚಿತವಾದ ಮೇಲೆ ಸುಮ್ಮನಾಗುತ್ತಾರೆ. ಬರುವ ತಪ್ಪು ಉತ್ತರಗಳನ್ನು ಪಾಠದ ಹೆಸರಿನೊಂದಿಗೆ ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಪಾಠಕ್ಕೆ ಸ್ಲೇಟು ಪ್ರಶ್ನೆ ಬರೆಯಲು ಕೂತಾಗ ಆಯ್ಕೆಗಳು ಅಲ್ಲೇ ಸಿದ್ಧವಾಗಿರುತ್ತವೆ.

ಇಂತಿ,
ಗಣಿತ ಮತ್ತು ವಿಜ್ಞಾನ ಕಲಿಸುವ ಕೆಲವು ಶಿಕ್ಷಕರು